ಬಿಟ್ಟುಹೋದ ಒಂದು ಫಾರಂ

ಫೆಬ್ರವರಿ ೪

ದನಿಪುಸ್ತಕ ಕೇಂದ್ರದ ಓದುವವರಿಗೆ,

ಮಾನ್ಯರೇ,

ನಿಮ್ಮ ಕೇಂದ್ರದಿಂದ ಬಂದ, ಪುಸ್ತಕ ಓದಿ ಕೇಳಿಸುವ ಪೆಟ್ಟಿಗೆಯ ಜೊತೆ ಒಂದು ಚೀಟಿ ಇತ್ತು. ‘ಪುಸ್ತಕ ಕೇಳಿದ ಮೇಲೆ ಅಭಿಪ್ರಾಯ ಬರೆದು ಕಳಿಸಿ, ಓದಿದವರೇ ಉತ್ತರಿಸುತ್ತಾರೆ’ ಎಂದು ಅದರಲ್ಲಿದೆಯಂತೆ. ನಾನು ಚೀಟಿಗಳನ್ನು ನಂಬುವ ಮನುಷ್ಯ. ಆದ್ದರಿಂದ ಬರೆಯುತ್ತಿದ್ದೇನೆ.

ನಲವತ್ತೊಂದು ವರ್ಷ ಪುಸ್ತಕ ಕಟ್ಟಿದವನು ನಾನು, ಅಂದರೆ ಬೈಂಡರ್. ಬರೆದವನಲ್ಲ, ಬೇರೆಯವರು ಬರೆದದ್ದನ್ನು ಹೊಲಿದು ರಟ್ಟು ಹಾಕಿದವನು. ಕಟ್ಟಲು ಬಂದ ಪುಸ್ತಕವನ್ನೆಲ್ಲ ಓದುವ ಚಟ ಇತ್ತು. ಎರಡು ವರ್ಷದಿಂದ ಕಣ್ಣು ಪೂರ್ತಿ ಹೋಗಿದೆ. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಇದ್ದೇನೆ. ಕೆಳಗೆ ಅಂಗಡಿ ನಡೆಸುವವಳು ದಾರದಕ್ಕ. ಮೂವತ್ತು ವರ್ಷ ನನ್ನ ಎದುರು ಕೂತು ಹೊಲಿಗೆ ಹಾಕಿದವಳು, ಹಾಗಾಗಿ ಬೀದಿಗೆಲ್ಲ ಅವಳು ದಾರದಕ್ಕ. ಬೆಳಿಗ್ಗೆ ಮೇಲೆ ಬಂದು ನನ್ನ ಪೆನ್ನಿಗೆ ಶಾಯಿ ತುಂಬುತ್ತಾಳೆ. ಬಂದ ಪತ್ರ ಓದಿ ಹೇಳುತ್ತಾಳೆ. ನಾನು ಬರೆದದ್ದನ್ನು ಲಕೋಟೆಗೆ ಹಾಕುವ ಮೊದಲು ಒಮ್ಮೆ ಕಣ್ಣಾಡಿಸುತ್ತಾಳೆ. ಸಾಲು ನೆಟ್ಟಗೆ ಬರಲೆಂದು ರಟ್ಟಿನಲ್ಲಿ ಉದ್ದಕ್ಕೆ ಸೀಳುಗಳನ್ನು ಕತ್ತರಿಸಿ ಒಂದು ಚೌಕಟ್ಟು ಮಾಡಿಕೊಂಡಿದ್ದೇನೆ. ಕಣ್ಣಿನ ವಿಷಯ ಒಂದು ಬಿಟ್ಟರೆ ಉಳಿದದ್ದೆಲ್ಲ ನಿಮಗೆ ಗೊತ್ತಿರುವುದೇ.

ಯಾಕೆಂದರೆ ಪೆಟ್ಟಿಗೆಯ ಗುಂಡಿ ಒತ್ತಿದ ಕೂಡಲೇ ‘ಮೊದಲನೇ ಅಧ್ಯಾಯ’ ಎಂಬ ದನಿ ಬಂತು. ಎರಡು ಪದ ಸಾಕಾಯಿತು. ಮಗಳ ದನಿ ಗುರುತಿಸಲು ಕಣ್ಣು ಬೇಕಿಲ್ಲ. ಅಲ್ಲಿ ಓದುವವರು ಹದಿನೈದು ಜನರಂತೆ, ಯಾರ ದನಿ ಬರುತ್ತದೋ ನನ್ನ ಕೈಯಲ್ಲಿ ಇರಲಿಲ್ಲ. ಮೂರು ವರ್ಷದ ಹಿಂದೆ, ತನ್ನ ತಾಯಿ ತೀರಿಕೊಂಡ ಮರುವಾರ, ನನ್ನ ಮಗಳು ಬಾಗಿಲಲ್ಲಿ ನಿಂತು ‘ಇನ್ನು ನನಗೆ ಪತ್ರ ಬರೀಬೇಡ, ಫೋನೂ ಮಾಡಬೇಡ’ ಅಂದಳು. ಆಯಿತು ಅಂದಿದ್ದೆ. ಆ ಮಾತು ಉಳಿಸಿಕೊಂಡಿದ್ದೇನೆ. ಇದು ಮಗಳಿಗೆ ಬರೆದ ಪತ್ರ ಅಲ್ಲ. ಕೇಳಿದವನು ಓದಿದವರಿಗೆ ಬರೆದ ಅಭಿಪ್ರಾಯ.

ಈಗ ಪುಸ್ತಕ. ಸೇತುವೆ ಕಟ್ಟುವ ಎಂಜಿನಿಯರನ ಕಾದಂಬರಿ, ಹೋದ ವರ್ಷ ಬಂದದ್ದು, ಬಹುಮಾನವೂ ಬಂದಿದೆಯಂತೆ. ಮೊದಲ ಇನ್ನೂರು ಪುಟ ಯಾರೂ ಊಟ ಮಾಡುವುದಿಲ್ಲ. ಎಲ್ಲರೂ ಕಿಟಕಿಯ ಪಕ್ಕ ನಿಂತು ಯೋಚಿಸುತ್ತಾರೆ. ಆ ಮನೆಗೆ ಕಿಟಕಿ ಇಡದೇ ಇದ್ದಿದ್ದರೆ ಕಾದಂಬರಿ ಅರ್ಧಕ್ಕೇ ಮುಗಿಯುತ್ತಿತ್ತು. ಎಂಜಿನಿಯರನಿಗೆ ಸೇತುವೆ ಕಟ್ಟಲು ಬರುತ್ತದೋ ಇಲ್ಲವೋ ಕೊನೆಯವರೆಗೂ ತಿಳಿಯಲಿಲ್ಲ, ನಿಟ್ಟುಸಿರು ಬಿಡಲು ಚೆನ್ನಾಗಿ ಬರುತ್ತದೆ. ಆದರೆ ನೆರೆ ಬಂದು ಕಂಬ ಅಲುಗುವ ಅಧ್ಯಾಯ ಒಳ್ಳೆಯದು. ಅಲ್ಲಿ ಲೇಖಕರು ಯೋಚನೆ ಬಿಟ್ಟು ಕೆಲಸ ಮಾಡಿದ್ದಾರೆ.

ಓದಿನ ಬಗ್ಗೆ ಒಂದೇ ದೂರು. ಮುದುಕರ ಮಾತು ಬಂದಾಗ ದನಿ ಗೊಗ್ಗರು ಮಾಡಿಕೊಳ್ಳುತ್ತೀರಿ. ನಾನು ಮುದುಕ, ನನ್ನ ದನಿ ಹಾಗಿಲ್ಲ.

ಕೇಳುಗ, ಸಂಖ್ಯೆ ೩೧೭


ಫೆಬ್ರವರಿ ೨೧

ಕೇಳುಗ ಸಂಖ್ಯೆ ೩೧೭ ಅವರಿಗೆ,

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಕೇಳುಗರ ಪತ್ರಕ್ಕೆ ಉತ್ತರ ಬರೆಯುವುದು ಕೇಂದ್ರದ ನಿಯಮ. ಉತ್ತರದ ಒಂದು ಪ್ರತಿ ಕಡತಕ್ಕೆ ಹೋಗುತ್ತದೆ.

ಕಿಟಕಿಯ ಬಗ್ಗೆ ನೀವು ಹೇಳಿದ್ದು ಸರಿ. ಓದುವಾಗ ನಾನೂ ಎಣಿಸಿದ್ದೆ, ಇಪ್ಪತ್ತಮೂರು ಸಲ. ನಾವು ಓದುವ ಕೋಣೆಗೆ ಕಿಟಕಿಯೇ ಇಲ್ಲ. ಗೋಡೆ, ಬಾಗಿಲು ಎಲ್ಲಕ್ಕೂ ದಪ್ಪ ಮೆತ್ತೆ ಹೊಡೆದಿದ್ದಾರೆ. ಹಾಗಾಗಿ ಎಂಜಿನಿಯರ್ ಕಿಟಕಿಗೆ ಹೋದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತಿತ್ತು. ಮುದುಕರ ದನಿ ತಿದ್ದಿಕೊಳ್ಳುತ್ತೇನೆ.

ಕೇಂದ್ರಕ್ಕೆ ಬರುವ ಪತ್ರದಲ್ಲಿ ಪುಸ್ತಕದ ವಿಷಯ ಮಾತ್ರ ಇರಬೇಕು. ಮನೆಯ ವಿಷಯ, ಹಳೆಯ ವಿಷಯ ಇದ್ದರೆ ನಾನು ಉತ್ತರ ಬರೆಯುವುದಿಲ್ಲ. ಬೇರೆಯವರ ದನಿ ಬೇಕಿದ್ದರೆ ತಿಳಿಸಿ, ಬದಲಾಯಿಸಿ ಕೊಡುತ್ತಾರೆ.

ಕಣ್ಣಿನ ವಿಷಯ ನಿಮ್ಮ ಅರ್ಜಿಯಲ್ಲಿ ನೋಡಿದೆ. ವಿಷಾದವಿದೆ.

ಈ ಸಲ ಎರಡು ಪುಸ್ತಕ ಕಳಿಸಿದ್ದೇನೆ. ಒಂದು ನಿವೃತ್ತ ನ್ಯಾಯಾಧೀಶರ ಆತ್ಮಕಥೆ, ಇನ್ನೊಂದು ಹಣ್ಣಿನ ಮರಗಳ ಕೊಂಬೆ ಸವರುವ ಬಗ್ಗೆ.

ಓದುವವಳು


ಮಾರ್ಚ್ ೧೮

ಓದುವವರಿಗೆ,

ಇದೇ ದನಿ ಇರಲಿ.

ನಿಮ್ಮ ಉತ್ತರವನ್ನು ದಾರದಕ್ಕ ಓದಿದಳು. ‘ಏನಣ್ಣ ಇದು, ಹೆತ್ತ ಅಪ್ಪನಿಗೆ ನಂಬರ್ ಹಾಕಿ ಬರೀತಾಳಲ್ಲ’ ಅಂದಳು. ಕೇಂದ್ರದ ನಿಯಮ ಅಂದೆ. ‘ನಿಯಮಕ್ಕಿಷ್ಟು ಬೆಂಕಿ ಹಾಕ’ ಅಂದು ಕೆಳಗೆ ಹೋದಳು. ಇದು ಮನೆಯ ವಿಷಯ ಅಲ್ಲ, ಪತ್ರ ಹೇಗೆ ತಲುಪಿತು ಎಂಬ ವರದಿ.

ನ್ಯಾಯಾಧೀಶರು ನಾನೂರು ಪುಟ ಬರೆದಿದ್ದಾರೆ. ಹುಟ್ಟಿದ ದಿನದಿಂದ ನಿವೃತ್ತಿಯವರೆಗೆ ಒಂದೇ ಒಂದು ತಪ್ಪು ಮಾಡಿಲ್ಲ. ಒಂದೂ ತಪ್ಪು ಮಾಡದವರು ಆತ್ಮಕಥೆ ಯಾಕೆ ಬರೆಯಬೇಕೋ, ಒಂದು ಪ್ರಮಾಣಪತ್ರ ಸಾಕಿತ್ತು. ಹೆಂಡತಿ ಎರಡು ಸಲ ಬರುತ್ತಾರೆ, ಒಂದು ಮದುವೆಯಲ್ಲಿ, ಇನ್ನೊಂದು ಅರ್ಪಣೆಯ ಪುಟದಲ್ಲಿ. ಒಂದು ಕಡೆ ಮಾತ್ರ ನಾನು ನೆಟ್ಟಗೆ ಕೂತೆ. ದೊಡ್ಡ ತೀರ್ಪು ಕೊಡಬೇಕಾದ ಬೆಳಿಗ್ಗೆ ಬೂಟಿನ ದಾರ ಕಟ್ಟಲು ಹೋದರೆ ಕೈ ನಡುಗಿತು ಎನ್ನುತ್ತಾರೆ. ಮುಂದಿನ ಸಾಲಿನಲ್ಲೇ ಆ ವರ್ಷದ ಬಿಸಿಲಿನ ಬಗ್ಗೆ ಹೇಳಲು ಹೊರಟುಬಿಡುತ್ತಾರೆ. ಆ ಕೈಯ ಬಗ್ಗೆ ಹತ್ತು ಪುಟ ಬರೆದಿದ್ದರೆ ಉಳಿದ ಮುನ್ನೂರ ತೊಂಬತ್ತು ಬೇಕಿರಲಿಲ್ಲ.

ಕೊಂಬೆ ಸವರುವ ಪುಸ್ತಕ ಚಿನ್ನದಂಥದ್ದು. ಬರೆದವರು ಮರ ಹತ್ತಿದವರು. ಯಾವ ಕೊಂಬೆ ಕಡಿಯಬೇಕು ಎಂದು ಹೇಳುವುದಕ್ಕಿಂತ ಯಾವುದನ್ನು ಮುಟ್ಟಬಾರದು ಎಂದು ಹೆಚ್ಚು ಹೇಳುತ್ತಾರೆ. ನನ್ನ ಹತ್ತಿರ ಒಂದು ಮರವೂ ಇಲ್ಲ, ಆದರೂ ಎರಡು ಸಲ ಕೇಳಿದೆ. ದಾರದಕ್ಕ ನಾಲ್ಕನೇ ಅಧ್ಯಾಯ ಕೇಳಿ ಹೋಗಿ ತನ್ನ ಕುಂಡದಲ್ಲಿದ್ದ ಗಿಡವನ್ನು ಬೋಳಿಸಿ ಇಟ್ಟಳು. ಅದು ಪುಸ್ತಕದ ತಪ್ಪಲ್ಲ.

ಆತ್ಮಕಥೆಯ ಒಂಬತ್ತನೇ ಅಧ್ಯಾಯ ಓದುವಾಗ ನಿಮಗೆ ನೆಗಡಿ ಆಗಿತ್ತು. ಬಿಸಿನೀರು ಕುಡಿಯುವುದು ಒಳ್ಳೆಯದು. ಇದನ್ನು ಓದಿನ ಗುಣಮಟ್ಟದ ದೃಷ್ಟಿಯಿಂದ ಬರೆದಿದ್ದೇನೆ.

ಕೇಳುಗ, ೩೧೭


ಏಪ್ರಿಲ್ ೯

ಕೇಳುಗ ಸಂಖ್ಯೆ ೩೧೭ ಅವರಿಗೆ,

ನೆಗಡಿ ವಾಸಿಯಾಗಿದೆ. ಇದೂ ಗುಣಮಟ್ಟದ ದೃಷ್ಟಿಯಿಂದಲೇ.

ನ್ಯಾಯಾಧೀಶರ ಬಗ್ಗೆ ನಿಮ್ಮ ಅಭಿಪ್ರಾಯ ಒಪ್ಪುತ್ತೇನೆ. ಆದರೆ ಅದನ್ನು ಹೇಳಲು ನಿಮಗೆ ಹೇಗೆ ಮನಸ್ಸು ಬಂತು ಎಂದು ಆಶ್ಚರ್ಯವಾಯಿತು. ಹೇಳಬೇಕಾದ ಜಾಗದಲ್ಲಿ ಬಿಸಿಲಿನ ಬಗ್ಗೆ ಬರೆದವರು ಅವರೊಬ್ಬರೇ ಅಲ್ಲ.

ನಿಮ್ಮ ಪತ್ರದ ಕೊನೆಯ ಪುಟದಲ್ಲಿ ಶಾಯಿ ತೀರಾ ತೆಳುವಾಗಿತ್ತು. ಬಾಲ್ ಪೆನ್ನು ಬಳಸಿದರೆ ನಮಗೆ ಓದಲು ಅನುಕೂಲ.

ಹೊಸದೊಂದು ಕಾದಂಬರಿ ಕಳಿಸಿದ್ದೇನೆ, ನದಿಯಲ್ಲಿ ದೋಣಿ ದಾಟಿಸುವ ಕುಟುಂಬದ್ದು. ಇದನ್ನು ಓದಿ ಮುಗಿಸಲು ಬೇರೆ ಪುಸ್ತಕಕ್ಕಿಂತ ಹೆಚ್ಚು ದಿನ ಹಿಡಿಯಿತು.

ಓದುವವಳು


ಮೇ ೬

ಓದುವವರಿಗೆ,

ಬಾಲ್ ಪೆನ್ನು ನನಗಾಗದು. ಒತ್ತಿ ಬರೆಯಬೇಕು, ಬೆರಳು ನೋಯುತ್ತದೆ. ಶಾಯಿ ಪೆನ್ನು ಇಟ್ಟರೆ ಸಾಕು, ತಾನೇ ಹರಿಯುತ್ತದೆ. ಶಾಯಿಯ ಚಿಂತೆ ದಾರದಕ್ಕನದು.

ದೋಣಿಯವನ ಕಾದಂಬರಿ ಈಚೆಗೆ ಬಂದವುಗಳಲ್ಲಿ ಎಲ್ಲಕ್ಕಿಂತ ಮೇಲು. ದೋಣಿಯವನು, ಅವನ ಹೆಂಡತಿ, ದೂರದ ಕಾರ್ಖಾನೆಗೆ ಕೆಲಸಕ್ಕೆ ಹೋದ ಮಗ, ಮೂರೇ ಜನ. ಮೂರು ಜನರನ್ನು ಇಟ್ಟುಕೊಂಡು ಕಾದಂಬರಿ ಬರೆಯಲು ಧೈರ್ಯ ಬೇಕು. ಹದಿಮೂರನೇ ಅಧ್ಯಾಯದ ಕೊನೆಯಲ್ಲಿ ಹೆಂಡತಿಗೆ ಕೆಮ್ಮು ಶುರುವಾಯಿತು. ಬಂತಪ್ಪ, ಅಂದುಕೊಂಡೆ. ಈಗಿನ ಕಾದಂಬರಿಯಲ್ಲಿ ಹೆಂಗಸಿಗೆ ಕೆಮ್ಮು ಬಂತೆಂದರೆ ಐವತ್ತು ಪುಟ ಆಸ್ಪತ್ರೆ, ಇಪ್ಪತ್ತು ಪುಟ ಕಣ್ಣೀರು. ಪೆಟ್ಟಿಗೆ ಆರಿಸೋಣವೆಂದು ಕೈ ಚಾಚಿದ್ದೆ. ಆದರೆ ಈ ಲೇಖಕಿ ಅದರ ಗೊಡವೆಗೇ ಹೋಗಲಿಲ್ಲ. ಮುಂದಿನ ಅಧ್ಯಾಯದಲ್ಲಿ ದೋಣಿಯವನು ಒಬ್ಬನೇ ಒಲೆಯ ಮುಂದೆ ಕೂತು ಬೇಯಿಸಿಕೊಳ್ಳುತ್ತಿದ್ದಾನೆ. ಅಷ್ಟೇ. ಅವಳು ಸತ್ತಳೆಂದು ಎಲ್ಲೂ ಹೇಳಿಲ್ಲ. ಹೇಳದೇ ಹೇಳುವುದು ಅಂದರೆ ಇದು, ಎಲ್ಲರಿಗೂ ಬರುವಂಥದ್ದಲ್ಲ.

ಒಂದೇ ಕಡೆ ಮುಗ್ಗರಿಸಿದೆ. ಕೊನೆಯಲ್ಲಿ ಮಗ ಬಂದು ಅಪ್ಪನ ಪಕ್ಕ ದೋಣಿಯಲ್ಲಿ ಕೂತು ‘ಅವಳು ಹೇಳಿದ್ದು ನನಗೂ ಕೇಳಿಸಬೇಕಿತ್ತು’ ಎನ್ನುತ್ತಾನೆ. ಯಾರು ಏನು ಹೇಳಿದ್ದು? ಹಿಂದಕ್ಕೆ ಹೋಗಿ ಎರಡು ಸಲ ಹುಡುಕಿದೆ, ಸಿಗಲಿಲ್ಲ. ಇಷ್ಟು ಜಾಗರೂಕಳಾದ ಲೇಖಕಿ ಅಲ್ಲೊಂದು ಗಂಟು ಹಾಕದೇ ಬಿಟ್ಟಿದ್ದಾಳೆ.

ಕೇಳುಗ, ೩೧೭


ಜೂನ್ ೨

ಕೇಳುಗ ಸಂಖ್ಯೆ ೩೧೭ ಅವರಿಗೆ,

ನಿಮಗೆ ಪುಸ್ತಕ ಮೆಚ್ಚಿಗೆಯಾದದ್ದು ಸಂತೋಷ. ಎಲ್ಲ ಗಂಟನ್ನೂ ಲೇಖಕರೇ ಹಾಕಿಕೊಡಬೇಕೆಂದಿಲ್ಲ.

ಈ ಸಲ ಹಕ್ಕಿಗಳ ಬಗ್ಗೆ ಒಂದು ಪುಸ್ತಕ ಕಳಿಸಿದ್ದೇನೆ.

ಓದುವವಳು


ಜುಲೈ ೮

ಓದುವವರಿಗೆ,

ಹಕ್ಕಿಗಳ ವಿಷಯ ಆಮೇಲೆ. ಒಂದು ಮುಖ್ಯವಾದ ಸಂಗತಿ ಇದೆ, ನಿಮಗೆ ಉಪಯೋಗವಾಗುತ್ತದೆ.

ಗ್ರಂಥಾಲಯದವರು ಬೆನ್ನು ಕಿತ್ತುಹೋದ ಪುಸ್ತಕಗಳನ್ನು ಇವತ್ತಿಗೂ ನಮ್ಮ ಅಂಗಡಿಗೇ ಕಳಿಸುತ್ತಾರೆ. ಹೋದ ವಾರ ಬಂದ ಕಟ್ಟಿನಲ್ಲಿ ಆ ದೋಣಿಯವನ ಕಾದಂಬರಿಯೂ ಇತ್ತು. ಹಳೆಯ ಹೊಲಿಗೆ ಬಿಚ್ಚಿ ಫಾರಂ ಬೇರ್ಪಡಿಸುವ ಕೆಲಸ ಈಗಲೂ ನನ್ನದೇ, ಅದಕ್ಕೆ ಬೆರಳು ಸಾಕು. ಒಂದು ದೊಡ್ಡ ಅಚ್ಚಿನ ಹಾಳೆ ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಎಣಿಸಿದೆ, ಇಪ್ಪತ್ತು. ನಿಮ್ಮ ಓದಿನ ವೇಗ ನನಗೆ ಗೊತ್ತು. ಆ ಸೇತುವೆ ಕಾದಂಬರಿಯನ್ನೂ ನಮ್ಮಲ್ಲೇ ಕಟ್ಟಿದ್ದು, ಒಂದು ಫಾರಮಿಗೆ ಸರಿಯಾಗಿ ಅರ್ಧ ಗಂಟೆ ತೆಗೆದುಕೊಂಡಿದ್ದೀರಿ. ಆ ಲೆಕ್ಕಕ್ಕೆ ಇದು ಹತ್ತು ಗಂಟೆ ಆಗಬೇಕು. ಆದರೆ ಪುಸ್ತಕದ ಕೊನೆಗೆ ನೀವೇ ‘ಒಟ್ಟು ಒಂಬತ್ತೂವರೆ ಗಂಟೆಯ ಓದು’ ಎಂದು ಹೇಳುತ್ತೀರಿ. ಅಕ್ಷರ ದೊಡ್ಡದಿರಬಹುದೇನೋ ಎಂದು ದಾರದಕ್ಕನಿಗೆ ಎರಡೂ ಪುಸ್ತಕದ ಸಾಲು ಎಣಿಸು ಅಂದೆ. ‘ಕಣ್ಣಿದ್ದಾಗಲೂ ಹೀಗೇ ಪ್ರಾಣ ತಿಂತಿದ್ರಿ’ ಅಂದಳು, ಆದರೂ ಎಣಿಸಿದಳು. ಎರಡರಲ್ಲೂ ಪುಟಕ್ಕೆ ಮೂವತ್ತೆರಡು.

ಸಂಗತಿ ಸ್ಪಷ್ಟ. ನಿಮಗೆ ಓದಲು ಕೊಟ್ಟ ಪ್ರತಿಯಲ್ಲಿ ಒಂದು ಫಾರಂ ಬಿಟ್ಟುಹೋಗಿದೆ. ಫಾರಂ ಜೋಡಿಸುವಾಗ ಕೈ ತಪ್ಪಿ ಒಂದು ಜಾರುತ್ತದೆ, ಕಟ್ಟುವವನ ತಪ್ಪು, ನಾನೂ ಮಾಡಿದ್ದೇನೆ. ಲೇಖಕಿಯನ್ನು ಸುಮ್ಮನೆ ಹೊಗಳಿದೆ ನೋಡಿ. ಅವಳು ಬರೆದಿದ್ದನ್ನು ಬೈಂಡರ್ ನುಂಗಿದ್ದಾನೆ. ನಿಮ್ಮ ಕೇಂದ್ರದ ಮುಖ್ಯಸ್ಥರಿಗೆ ಈ ವಾರವೇ ವಿವರವಾಗಿ ಬರೆಯುತ್ತೇನೆ, ಆ ಪ್ರತಿ ಬದಲಿಸಿ ಬಿಟ್ಟುಹೋದ ಭಾಗವನ್ನು ನಿಮ್ಮಿಂದ ಓದಿಸಲಿ. ನಿಮ್ಮ ಹೆಸರಿಗೆ ಕುಂದು ಬರಬಾರದು.

ಕೇಳುಗ, ೩೧೭


ಜುಲೈ ೧೨

ಮುಖ್ಯಸ್ಥರಿಗೆ ಬರೆಯಬೇಡಿ. ಈ ಪತ್ರದ ಪ್ರತಿ ಕಡತಕ್ಕೆ ಹೋಗುವುದಿಲ್ಲ.

ನನಗೆ ಎಂಟು ವರ್ಷವಿದ್ದಾಗ ನಿಮ್ಮ ಮೇಜಿನ ಮೇಲೆ ಕೂರಿಸಿ ನೀವೇ ಹೇಳಿಕೊಟ್ಟಿದ್ದು: ಫಾರಂ ಬಿಟ್ಟುಹೋದರೆ ವಾಕ್ಯ ಮಧ್ಯದಲ್ಲೇ ಕಡಿಯುತ್ತದೆ. ನೀವು ಕೇಳಿದ ಪುಸ್ತಕದಲ್ಲಿ ಎಲ್ಲಾದರೂ ವಾಕ್ಯ ಕಡಿದಿದೆಯೇ? ಕಟ್ಟಿದವನು ಏನೂ ತಪ್ಪು ಮಾಡಿಲ್ಲ. ನಾನು ಓದದೇ ಬಿಟ್ಟೆ. ಹದಿನಾಲ್ಕನೇ ಅಧ್ಯಾಯ ಪೂರ್ತಿ ಬಿಟ್ಟು, ಮುಂದಿನವುಗಳ ಸಂಖ್ಯೆಯನ್ನೂ ಬದಲಿಸಿ ಓದಿದೆ. ಬರೆದದ್ದರಲ್ಲಿ ಒಂದು ಪದವನ್ನೂ ಬಿಡುವುದಿಲ್ಲ ಎಂದು ಸಹಿ ಮಾಡಿ ನಾವು ಇಲ್ಲಿ ಸೇರುತ್ತೇವೆ. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ.

ಆ ಅಧ್ಯಾಯದಲ್ಲಿ ದೋಣಿಯವನ ಹೆಂಡತಿ ಮಗನಿಗೆಂದು ಕೊನೆಯ ಮಾತು ಹೇಳಿ ಮಲಗಿದಲ್ಲೇ ಸಾಯುತ್ತಾಳೆ. ದೋಣಿಯವನು ಮಗನಿಗೆ ತಿಳಿಸುವುದಿಲ್ಲ. ನದಿಯಲ್ಲಿ ನೀರು ಇಳಿದಿದೆ, ದೋಣಿಗೆ ಹೊಸ ಬಣ್ಣ ಬಳಿದೆ ಎಂದು ಪತ್ರ ಬರೆಯುತ್ತಾನೆ. ಮೂರು ದಿನ ಮೈಕಿನ ಮುಂದೆ ಕೂತೆ. ಎರಡನೇ ಪುಟ ದಾಟಲು ಆಗಲಿಲ್ಲ.

ಅಮ್ಮ ಮಲಗಿದ್ದ ಹನ್ನೊಂದು ವಾರದಲ್ಲಿ ನೀವು ನನಗೆ ಹನ್ನೊಂದು ಪತ್ರ ಬರೆದಿರಿ. ಎಲ್ಲವನ್ನೂ ಇಟ್ಟುಕೊಂಡಿದ್ದೇನೆ. ಎಲ್ಲವೂ ಪುಸ್ತಕದ ಅಭಿಪ್ರಾಯ. ಒಂದರಲ್ಲಿ ಕುಸ್ತಿಪಟುವಿನ ಕಾದಂಬರಿ, ‘ಇವನಿಗೆ ಕುಸ್ತಿಗಿಂತ ಕನ್ನಡಿ ಇಷ್ಟ’ ಎಂದು ಬರೆದಿದ್ದಿರಿ. ನಾನು ಅದನ್ನು ಗೆಳತಿಯರಿಗೆ ಓದಿ ಹೇಳಿ ನಕ್ಕೆ. ಅವತ್ತು ಅಮ್ಮನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ ಎಂದು ಆಮೇಲೆ ದಾರದಕ್ಕ ಹೇಳಿದಳು. ಪ್ರತಿ ಪತ್ರದ ಕೊನೆಗೂ ‘ಅಮ್ಮ ಆರಾಮ’. ಹನ್ನೊಂದು ಸಲ. ಹನ್ನೆರಡನೇ ವಾರ ಪತ್ರದ ಬದಲು ದಾರದಕ್ಕನ ಫೋನು ಬಂತು. ನಾನು ಮನೆಗೆ ಬಂದಾಗ ಹಾಸಿಗೆ ಸುತ್ತಿ ಮೂಲೆಗೆ ಒರಗಿಸಿಟ್ಟಿದ್ದಿರಿ.

ನಾನು ಒಂದು ಪುಸ್ತಕದ ಹದಿನಾರು ಪುಟ ಬಿಟ್ಟೆ. ನೀವು ನನ್ನ ಅಮ್ಮನ ಹನ್ನೊಂದು ವಾರ ಬಿಟ್ಟಿರಿ. ಯಾರ ಬಗ್ಗೆ ಯಾರು ಮುಖ್ಯಸ್ಥರಿಗೆ ಬರೆಯಬೇಕು? ನನಗೆ ನಿಮ್ಮ ಮೇಲೆ ಸಿಟ್ಟಿದೆ. ಮೂರು ವರ್ಷದಲ್ಲಿ ಅದು ಒಂದಿಷ್ಟೂ ಇಳಿದಿಲ್ಲ.

ಹಕ್ಕಿಗಳ ಪುಸ್ತಕದಲ್ಲಿ ಏನನ್ನೂ ಬಿಟ್ಟಿಲ್ಲ.

ಓದುವವಳು


ಸೆಪ್ಟೆಂಬರ್ ೨

ಮಗಳೇ,

ಮುಖ್ಯಸ್ಥರಿಗೆ ಬರೆದಿಲ್ಲ, ಬರೆಯುವುದೂ ಇಲ್ಲ. ವಾಕ್ಯ ಕಡಿಯಲಿಲ್ಲವಲ್ಲ ಎಂಬುದು ನನಗೂ ಹೊಳೆದಿತ್ತು. ಆದರೆ ನೀನು ಓದದೇ ಬಿಟ್ಟೆ ಎಂದು ನಂಬುವುದಕ್ಕಿಂತ ಯಾವನೋ ಬೈಂಡರ್ ಕೈ ತಪ್ಪಿದ ಎಂದು ನಂಬುವುದು ಸುಲಭವಾಗಿತ್ತು.

ಆ ಅಧ್ಯಾಯವನ್ನು ದಾರದಕ್ಕನಿಂದ ಓದಿಸಿದೆ. ಮುಗಿದ ಮೇಲೆ ‘ಅಣ್ಣ, ಇದು ನಿಮ್ಮನೆ ಕಥೆನೇ’ ಅಂದಳು. ‘ಅಂಥ ಮನೆ ಬೀದಿಗೆ ನಾಲ್ಕಿರ್ತವೆ, ನೀನು ಕೆಲಸ ನೋಡು’ ಅಂದೆ. ಅವತ್ತಿನಿಂದ ಪೆಟ್ಟಿಗೆ ಮುಟ್ಟಿಲ್ಲ. ಹಕ್ಕಿಗಳು ಹಾಗೇ ಇವೆ.

ನಮ್ಮ ಕೆಲಸದ ಪದ್ಧತಿ ನಿನಗೆ ಗೊತ್ತು. ಫಾರಂ ಬಿಟ್ಟುಹೋಗಿದೆ ಎಂದು ಯಾರಾದರೂ ಪುಸ್ತಕ ತಂದರೆ, ಕಟ್ಟಿ ಎಷ್ಟೇ ವರ್ಷವಾಗಿರಲಿ, ಕಟ್ಟಿದವನು ವಾದ ಮಾಡುವ ಹಾಗಿಲ್ಲ. ಹೊಲಿಗೆ ಬಿಚ್ಚಿ, ಬಿಟ್ಟ ಫಾರಂ ಸೇರಿಸಿ, ಮತ್ತೆ ಕಟ್ಟಿಕೊಡಬೇಕು. ಇವತ್ತು ಒಂದು ದೊಡ್ಡ ಹಾಳೆಯನ್ನು ಹದಿನಾರು ಪುಟಕ್ಕೆ ಮಡಚಿ ಅಂಚು ಸೀಳಿಕೊಂಡಿದ್ದೇನೆ. ಬೆಳಿಗ್ಗೆ ಎದ್ದವನೇ ಬಾಗಿಲಿನ ಚಿಲಕ ಹಾಕಿದೆ. ದಾರದಕ್ಕ ಬಂದು ಬಡಿದಳು, ಸಂಜೆವರೆಗೆ ಮೇಲೆ ಬರಬೇಡ ಅಂದೆ. ಇದನ್ನು ಅವಳು ನೋಡುತ್ತಾಳೆ ಎಂದರೆ ಬರೆಯಲು ನನ್ನಿಂದಾಗದು. ಲಕೋಟೆ ನಾನೇ ಅಂಟಿಸುತ್ತೇನೆ. ಅಂಚೆ ಡಬ್ಬಿ ಬಾಗಿಲಿನಿಂದ ಹದಿನೆಂಟು ಹೆಜ್ಜೆ, ಅದನ್ನೂ ನಾನೇ ಹಾಕುತ್ತೇನೆ.

ಡಾಕ್ಟರು ಹೊಟ್ಟೆಯಲ್ಲಿ ಗೆಡ್ಡೆ ಎಂದರು, ತಡವಾಗಿದೆ ಎಂದರು. ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗಲೇ ನಿನ್ನ ಅಮ್ಮ ನನ್ನ ತೋಳು ಹಿಡಿದು ನಿಂತಳು. ‘ಅವಳಿಗೆ ಹೇಳಬೇಡಿ. ಓಡಿ ಬರ್ತಾಳೆ. ದನಿಪುಸ್ತಕ ಕೇಂದ್ರ ಸೇರಿ ಎರಡು ತಿಂಗಳಾಗಿಲ್ಲ, ಆರು ತಿಂಗಳು ರಜೆ ಇಲ್ಲದ ಕೆಲಸ. ಬಿಟ್ಟು ಬಂದರೆ ಮತ್ತೆ ಸಿಗಲ್ಲ. ಅವಳು ಓದಬೇಕು ರೀ’ ಅಂದಳು. ನಾನು ಹೂಂ ಅಂದೆ. ಅದು ಅರ್ಧ ಕಾರಣ. ಉಳಿದರ್ಧ ಏನೆಂದರೆ, ನಾನು ಹೆದರಿದೆ. ನಿನಗೆ ಬರೆದರೆ ಅದು ನಿಜ ಆಗಿಬಿಡುತ್ತದೆ ಅನ್ನಿಸಿತು. ಪುಸ್ತಕದ ಬಗ್ಗೆ ಬರೆಯಲು ನನಗೆ ಬರುತ್ತಿತ್ತು, ಅದನ್ನೇ ಬರೆದೆ. ತಪ್ಪು ಮಾಡಿದೆ, ಮಗಳೇ. ಮೂರು ವರ್ಷದ ಹಿಂದೆ ನೀನು ಬಾಗಿಲಲ್ಲಿ ನಿಂತಾಗಲೇ ಇದನ್ನು ಹೇಳಬೇಕಿತ್ತು.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ಆಗಲೇ ನನ್ನ ಕಣ್ಣು ಮಂಜಾಗಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಆ ಹನ್ನೊಂದು ಪುಸ್ತಕಗಳನ್ನು ನಾನು ಓದಿದ್ದಲ್ಲ. ಅವಳು ಮಲಗಿಕೊಂಡೇ, ಎದೆಯ ಮೇಲೆ ದಿಂಬಿಟ್ಟು, ಅದಕ್ಕೆ ಪುಸ್ತಕ ಒರಗಿಸಿಕೊಂಡು ಓದುತ್ತಿದ್ದಳು, ನಾನು ಕುರ್ಚಿಯಲ್ಲಿ ಕೂತು ಕೇಳುತ್ತಿದ್ದೆ. ಪುಟಕ್ಕೊಂದು ಟೀಕೆ ಅವಳದು. ನಗುವಾಗ ನೋವಾಗುತ್ತಿತ್ತು, ಆದರೂ ನಗುತ್ತಿದ್ದಳು. ಆ ಪತ್ರಗಳಲ್ಲಿ ಇರುವ ಅಭಿಪ್ರಾಯ ಅರ್ಧಕ್ಕರ್ಧ ಅವಳದೇ. ಕುಸ್ತಿಪಟುವಿಗೆ ಕನ್ನಡಿ ಇಷ್ಟ ಅಂದದ್ದು ನಾನಲ್ಲ, ಅವಳು. ಬರೆದದ್ದನ್ನು ಅವಳಿಗೆ ಓದಿ ಹೇಳಿಯೇ ಲಕೋಟೆಗೆ ಹಾಕುತ್ತಿದ್ದೆ. ಪ್ರತಿ ಸಲವೂ ‘ಕೊನೆಗೆ ನಾನು ಆರಾಮ ಅಂತ ಹಾಕಿ’ ಅನ್ನುತ್ತಿದ್ದಳು.

ಹನ್ನೊಂದನೇ ಪುಸ್ತಕ ಮುಗಿದ ಮೇಲೆ ಪುಸ್ತಕ ಹಿಡಿಯಲೂ ಆಗುತ್ತಿರಲಿಲ್ಲ. ಕೊನೆಯ ಗುರುವಾರ ಬೆಳಿಗ್ಗೆ ಮಲಗಿದಲ್ಲಿಂದಲೇ, ನಿನ್ನ ಪತ್ರ ಇನ್ನೊಂದು ಸಲ ಓದಿ ಅಂದಳು. ಕಿಟಕಿಯ ಹತ್ತಿರ ಹಿಡಿದು ತಡವರಿಸಿಕೊಂಡು ಓದಿದೆ. ಆಮೇಲೆ ‘ಅವಳು ಬಂದಾಗ ಹೇಳಿ’ ಎಂದು ಮೂರು ಮಾತು ಹೇಳಿದಳು. ನೀನು ಬಂದೆ, ನಾನು ಹೇಳಲಿಲ್ಲ. ಈಗ ಮೂರನ್ನೂ ಅವಳು ಹೇಳಿದ ಹಾಗೆಯೇ ಬರೆಯುತ್ತೇನೆ, ಒಂದು ಪದವನ್ನೂ ಬದಲಿಸುವುದಿಲ್ಲ. ಮೊದಲನೆಯದು, ನೀನು ಓದುವಾಗ


ಸೆಪ್ಟೆಂಬರ್ ೧೦

ಅಪ್ಪ,

ನಿನ್ನ ಫಾರಂ ಬಂತು. ಐದನೇ ಪುಟದ ಕೊನೆಗೆ, ‘ನೀನು ಓದುವಾಗ’ ಎಂಬಲ್ಲಿ ಪೆನ್ನಿನ ಶಾಯಿ ಮುಗಿದಿದೆ. ಆರರಿಂದ ಹದಿನಾರನೇ ಪುಟದವರೆಗೆ ಏನೂ ಇಲ್ಲ. ಬರೀ ಹಾಳೆ.

ಅವತ್ತು ಬೆಳಿಗ್ಗೆ ದಾರದಕ್ಕನನ್ನು ಒಳಗೆ ಬಿಡಲಿಲ್ಲ ಅಲ್ಲವಾ, ಶಾಯಿ ಯಾರು ತುಂಬಬೇಕಿತ್ತು? ಹಾಳೆಯನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಅಲ್ಲಲ್ಲಿ ನಿಬ್ಬಿನ ಗೀಚು ಇದೆ, ಒಂದು ಅಕ್ಷರವೂ ಕೂಡುವುದಿಲ್ಲ. ಮೊದಲು ನಗು ಬಂತು. ಬಾಲ್ ಪೆನ್ನು ತಗೋ ಎಂದು ಆಗಲೇ ಬರೆದಿದ್ದೆ. ಆಮೇಲೆ ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ತುಂಬ ಹೊತ್ತು ಅತ್ತೆ. ಅಲ್ಲಿ ಎಷ್ಟು ಅತ್ತರೂ ಹೊರಗೆ ಕೇಳಿಸುವುದಿಲ್ಲ.

ಆ ಹನ್ನೊಂದು ಪತ್ರ ಮತ್ತೆ ತೆಗೆದು ಓದಿದೆ. ಯಾವುದು ನಿನ್ನ ಮಾತು, ಯಾವುದು ಅಮ್ಮನದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಕೆಲವು ಸುಲಭವಾಗಿ ಗೊತ್ತಾಯಿತು, ಕೆಲವು ಏನು ಮಾಡಿದರೂ ಗೊತ್ತಾಗಲಿಲ್ಲ. ಅವನ್ನೆಲ್ಲ ನಿನ್ನ ಹತ್ತಿರ ಕೇಳಬೇಕು. ಸಿಟ್ಟು ಪೂರ್ತಿ ಹೋಗಿದೆ ಎಂದು ಹೇಳುವುದಿಲ್ಲ.

ಹದಿನಾಲ್ಕನೇ ಅಧ್ಯಾಯದ ವಿಷಯ ಮುಖ್ಯಸ್ಥರಿಗೆ ನಾನೇ ಹೇಳಿದೆ. ಚೆನ್ನಾಗಿ ಬೈದರು. ಕೆಲಸದಿಂದ ತೆಗೆಯಲಿಲ್ಲ, ಈಗಲೇ ಹೋಗಿ ಓದು ಎಂದರು. ಓದಿದೆ. ಮಧ್ಯೆ ಎರಡು ಕಡೆ ದನಿ ಸರಿಯಿಲ್ಲ, ನೀನು ಅದನ್ನು ಕಂಡುಹಿಡಿದೇ ಹಿಡಿಯುತ್ತೀಯ. ಈಗ ಪುಸ್ತಕ ಹತ್ತು ಗಂಟೆ ಇದೆ.

ದಾರದಕ್ಕ, ಇದನ್ನು ಓದಿ ಹೇಳುವಾಗ ನಡುನಡುವೆ ನಿನ್ನ ಮಾತು ಸೇರಿಸಬೇಡ.

ಅಪ್ಪ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ನಿನ್ನ ಹಾಳೆಗಳನ್ನು ತರುತ್ತೇನೆ, ನನ್ನ ಬಾಲ್ ಪೆನ್ನನ್ನೂ ತರುತ್ತೇನೆ. ಆರನೇ ಪುಟದಿಂದ ನೀನು ಹೇಳು, ನಾನು ಬರೆದುಕೊಳ್ಳುತ್ತೇನೆ. ಇಷ್ಟು ದಿನ ನಾನು ಓದಿದೆ, ನೀನು ಕೇಳಿದೆ. ಈಗ ನಾನು ಕೇಳುತ್ತೇನೆ. ಒಂದು ಸಾಲೂ ಬಿಡಬೇಡ.

ನಿನ್ನ ಮಗಳು